ಕೈಗುಣ ಯಾರದು?

ನಮ್ಮ ಕಡೆ ಡಾಕ್ಟರನ್ನು ಹೊಗಳುವುದಕ್ಕೆ ಇರುವುದು ಒಂದೇ ಮಾತು: 'ಅವರ ಕೈಗುಣ ಚೆನ್ನಾಗಿದೆ.' ಬಸ್ಸಿನಲ್ಲಿ ಕುಳಿತು ಮೊಣಕಾಲು ನೋವಿನ ಸುದ್ದಿ ಎತ್ತಿದರೆ ಸಾಕು, ಪಕ್ಕದ ಸೀಟಿನವರು ಒಬ್ಬ ಡಾಕ್ಟರ ಹೆಸರು ಹೇಳಿ ಈ ಸರ್ಟಿಫಿಕೇಟು ಕೊಟ್ಟುಬಿಡುತ್ತಾರೆ. ಆ ಆಸ್ಪತ್ರೆಯಲ್ಲಿ ರಾತ್ರಿ ಯಾರಿರುತ್ತಾರೆ, ಸಿಸ್ಟರುಗಳು ಎಷ್ಟು ಜನ, ಅವರು ಹೇಳಿದ್ದನ್ನು ಅಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಾರೆಯೇ ಎಂದು ನಾವು ವಿಚಾರಿಸುವುದಿಲ್ಲ. ಸೀರೆ ತೆಗೆಯುವಾಗ ಸೆರಗು, ಅಂಚು, ಒಡಲು ಎಲ್ಲವನ್ನೂ ಬಿಡಿಸಿ ನೋಡುವ ನಾವು ಆಸ್ಪತ್ರೆಯನ್ನು ಮಾತ್ರ ಒಬ್ಬ ಮನುಷ್ಯನ ಎರಡು ಕೈ ನೋಡಿ ಆರಿಸುತ್ತೇವೆ. ನಾನೂ ಹಾಗೆಯೇ ಆರಿಸಿದವಳು. ಅದಕ್ಕೇ ಈ ಕೈಗುಣ ಎಂಬ ಮಾತಿನ ಮೇಲೆ ನನಗೆ ಸಿಟ್ಟು.

2016ರ ಮಳೆಗಾಲದಲ್ಲಿ ನಮ್ಮ ಅತ್ತೆ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಪ್ಪತ್ತೆಂಟು ವರ್ಷ, ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಚರ್ಚೆ ಐದು ನಿಮಿಷವೂ ನಡೆಯಲಿಲ್ಲ. ನಾದಿನಿ ಫೋನಿನಲ್ಲಿಯೇ ತೀರ್ಪು ಕೊಟ್ಟಳು: "ಅತ್ತಿಗೆ, ಬೇರೆ ಯೋಚನೇನೇ ಬೇಡ. ಅವರ ಹತ್ರಾನೇ ಹೋಗಿ. ಕೈಗುಣ ಅಂದ್ರೆ ಅವರದ್ದು." ಹೋದೆವು. ಆಪರೇಷನ್ ಆಯಿತು. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ: ಆ ಡಾಕ್ಟರ ಕೈ ಎಲ್ಲಿಯೂ ತಪ್ಪಿರಲಿಲ್ಲ. ಆಮೇಲೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿದವರು ಮೂಳೆ ಕೂಡಿಸಿದ್ದು ಚೆನ್ನಾಗಿದೆ ಎಂದೇ ಹೇಳಿದರು.

ಮೂರನೆಯ ರಾತ್ರಿ ನಾನು ಅತ್ತೆಯ ಮಂಚದ ಪಕ್ಕ ಬೆಂಚಿನ ಮೇಲೆ ಒರಗಿದ್ದೆ. ಹನ್ನೆರಡೂವರೆಯ ಹೊತ್ತಿಗೆ ಆಯಾ ಯೂರಿನ್ ಬ್ಯಾಗು ಖಾಲಿ ಮಾಡಲು ಬಂದಳು. ಬ್ಯಾಗನ್ನು ದೀಪಕ್ಕೆ ಹಿಡಿದು ನೋಡಿ, "ಅಮ್ಮಾ, ಇದು ಸಂಜೆ ಎಷ್ಟಿತ್ತೋ ಅಷ್ಟೇ ಐತೆ. ಬಣ್ಣಾನೂ ಸರಿಯಿಲ್ಲ" ಎಂದವಳೇ ಸಿಸ್ಟರನ್ನು ಕರೆತಂದಳು. ಆ ಸಿಸ್ಟರು ನನಗೆ ಗೊತ್ತಿದ್ದ ಹುಡುಗಿ, ಹೈಸ್ಕೂಲಿನಲ್ಲಿ ನನ್ನ ಹತ್ತಿರ ಸಮಾಜ ವಿಜ್ಞಾನ ಓದಿದವಳು. ಅವಳು ಬ್ಯಾಗು ನೋಡಿದಳು, ಬಿ.ಪಿ. ನೋಡಿದಳು, ಕೇಸ್ ಶೀಟಿನಲ್ಲಿ ಬರೆದಳು, ಡ್ಯೂಟಿ ಡಾಕ್ಟರಿಗೆ ಹೇಳಿದಳು. ಆ ಡಾಕ್ಟರು ಎಳೆಯ ಹುಡುಗ. ಬಂದು ನೋಡಿ ಸ್ವಲ್ಪ ಹೊತ್ತು ನಿಂತು, "ಬೆಳಿಗ್ಗೆ ಸರ್ ಬರ್ತಾರಲ್ಲ, ಹೇಳೋಣ. ಈಗ ಎಬ್ಬಿಸಿದ್ರೆ ನನ್ನ ಕಥೆ ಮುಗೀತು" ಎಂದ.

ಬೆಳಿಗ್ಗೆ ರೌಂಡ್ಸಿಗೆ ದೊಡ್ಡ ಡಾಕ್ಟರು ಬಂದರು. ಹಿಂದೆ ಐದಾರು ಜನ. ರಾತ್ರಿ ಪಾಳಿ ಮುಗಿದಿದ್ದರೂ ಆ ಹುಡುಗಿ ಮನೆಗೆ ಹೋಗದೆ ಕಾದು ನಿಂತಿದ್ದಳು. "ಸಾರ್, ರಾತ್ರಿಯಿಂದ ಯೂರಿನ್..." ಎಂದು ಶುರು ಮಾಡಿದಳು. ಅವರು ಕೇಸ್ ಶೀಟಿನಿಂದ ಕಣ್ಣೆತ್ತದೆ, "ಡಾಕ್ಟರು ನೀನೋ ನಾನೋ?" ಎಂದರು. ಹಿಂದೆ ನಿಂತವರು ನಕ್ಕರು. ದೊಡ್ಡವರು ತಮಾಷೆ ಮಾಡಿದಾಗ ನಗಬೇಕಲ್ಲ ಎಂದು ನಾನೂ ನಕ್ಕೆ. ಡ್ಯೂಟಿ ಡಾಕ್ಟರು ನೆಲ ನೋಡಿದ. ಕಾಲಿನ ಬ್ಯಾಂಡೇಜು ನೋಡಿ, "ಫಸ್ಟ್ ಕ್ಲಾಸ್ ಇದೆಯಮ್ಮಾ" ಎಂದು ಅವರು ಮುಂದಿನ ಮಂಚಕ್ಕೆ ಹೋದರು. ನೋವಿನ ಇಂಜೆಕ್ಷನ್ನು ಮುಂದುವರಿಯಿತು. ಸಂಜೆಗೆ ಅತ್ತೆಗೆ ಮಂಪರು ಹತ್ತಿತು, ಕರೆದರೆ ಓಗೊಡಲಿಲ್ಲ. ರಾತ್ರಿ ಆಂಬುಲೆನ್ಸಿನಲ್ಲಿ ದೊಡ್ಡ ಊರಿಗೆ ಸಾಗಿಸಿದಾಗ ಅಲ್ಲಿಯವರು ಕಿಡ್ನಿ ಕೆಲಸ ನಿಲ್ಲಿಸಿದೆ ಎಂದರು. ಹನ್ನೊಂದನೆಯ ದಿನ ಅತ್ತೆ ಹೋದರು.

ವಯಸ್ಸಾಗಿತ್ತು, ಸಕ್ಕರೆ ಇತ್ತು, ಹೇಗಿದ್ದರೂ ಹೋಗುತ್ತಿದ್ದರೇನೋ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ನನ್ನನ್ನು ಇಂದಿಗೂ ಚುಚ್ಚುವುದು ಬೇರೆ ಸಂಗತಿ. ಆ ರಾತ್ರಿ ಅಪಾಯದ ಸುದ್ದಿ ಆಸ್ಪತ್ರೆಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆಯಾಳಿಗೆ, ಸಿಸ್ಟರಿಗೆ, ಡ್ಯೂಟಿ ಡಾಕ್ಟರಿಗೆ, ಮೂವರಿಗೂ ಗೊತ್ತಿತ್ತು. ಸುದ್ದಿ ನೆಲ ಒರೆಸುವವಳಿಂದ ಹೊರಟು ಮೂರು ಮೆಟ್ಟಿಲು ಹತ್ತಿತು, ನಾಲ್ಕನೆಯ ಮೆಟ್ಟಿಲಲ್ಲಿ ಸತ್ತುಹೋಯಿತು. ಮಾಡಬಲ್ಲ ಕೈಗೆ ನೋಡಿದ ಕಣ್ಣಿನ ಮಾತು ತಲುಪಲಿಲ್ಲ. ಆ ಕೈಗೆ ಎಷ್ಟು ಗುಣವಿದ್ದರೇನು?

ಆಸ್ಪತ್ರೆ ನಮ್ಮ ಶಾಲೆಯ ಹಾಗಲ್ಲ. ನಮಗೆ ಟೈಮ್ ಟೇಬಲ್ ಇದೆ, ಮೂರನೆಯ ಪೀರಿಯಡ್ಡಿಗೆ ಮೊಘಲರು ಬರಬೇಕಾದರೆ ಮೊಘಲರೇ ಬರುತ್ತಾರೆ. ಆಸ್ಪತ್ರೆಯಲ್ಲಿ ಯಾವ ಗಳಿಗೆಯಲ್ಲಿ ಏನು ಬರುತ್ತದೋ ಯಾರಿಗೂ ತಿಳಿಯದು. ಗಳಿಗೆಗೊಮ್ಮೆ ಬದಲಾಗುವ ಸ್ಥಿತಿಗೆ ತಕ್ಕಂತೆ ತಾನೂ ಬದಲಾಗಬಲ್ಲ ಆಸ್ಪತ್ರೆಯೇ ಒಳ್ಳೆಯ ಆಸ್ಪತ್ರೆ. ಇದು ನಮಗೆ ಹೆಂಗಸರಿಗೆ ಅರ್ಥವಾಗದ ವಿಷಯವೇನಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹತ್ತು ಜನ ನೆಂಟರು ಬಂದರೆ ಯಾವ ಮನೆ ಸುಧಾರಿಸಿಕೊಳ್ಳುತ್ತದೆ? ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಊರಿಗೆ ಹೋಗಿರುವ ಮನೆಯಲ್ಲ. ಅಕ್ಕಿ ಎಲ್ಲಿದೆ, ಸಿಲಿಂಡರು ಯಾವಾಗ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದು, "ಅತ್ತೆ, ಹಾಲು ಸಾಲಲ್ಲ" ಎಂದು ಕಿರಿಯ ಸೊಸೆ ಹೆದರದೆ ಹೇಳಬಲ್ಲ ಮನೆ. ಆಸ್ಪತ್ರೆಯೂ ಅಷ್ಟೆ.

ಇದು ನಮ್ಮ ಸಣ್ಣ ಊರುಗಳ ಕಾಯಿಲೆ ಎಂದುಕೊಂಡರೆ ತಪ್ಪು. 2005ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಬ್ರೊಮಿಲಿ ಎಂಬ ವಿಮಾನದ ಪೈಲಟ್ ಒಬ್ಬರ ಹೆಂಡತಿ ಮೂಗಿನ ಸೈನಸ್ಸಿನ ಸಣ್ಣ ಆಪರೇಷನ್ನಿಗೆ ಸೇರಿದರು. ಮೂವತ್ತೇಳರ ಹೆಂಗಸು, ಇಬ್ಬರು ಪುಟ್ಟ ಮಕ್ಕಳ ತಾಯಿ. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಕಟ್ಟಿಕೊಂಡಿತು. ಅಲ್ಲಿದ್ದ ಅನುಭವಿ ಡಾಕ್ಟರುಗಳು ಬಾಯಿಯ ಮೂಲಕ ನಳಿಗೆ ಇಳಿಸಲು ಮತ್ತೆ ಮತ್ತೆ ಹೆಣಗಿದರು. ಗಂಟಲಲ್ಲಿ ರಂಧ್ರ ಮಾಡಿ ಉಸಿರು ಕೊಡಬೇಕಾದ ಹೊತ್ತು ಬಂದಿದೆ ಎಂದು ನರ್ಸುಗಳಿಗೆ ಹೊಳೆದಿತ್ತು. ಒಬ್ಬ ನರ್ಸ್ ಅದರ ಸಾಮಾನನ್ನು ತಂದು, ತಂದಿದ್ದೇನೆ ಎಂದು ಹೇಳಿದಳು. ಇನ್ನೊಬ್ಬಳು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕಾದಿರಿಸಿದಳು, ಅತಿಯಾಗಿ ಆಡುತ್ತಿದ್ದೀಯೆ ಎಂಬಂತೆ ಡಾಕ್ಟರುಗಳು ನೋಡಿದ್ದರಿಂದ ಅದನ್ನು ರದ್ದು ಮಾಡಿದಳು. ಆ ತಾಯಿಗೆ ಮತ್ತೆ ಎಚ್ಚರ ಬರಲೇ ಇಲ್ಲ, ಹದಿಮೂರು ದಿನಗಳ ನಂತರ ತೀರಿಕೊಂಡರು. ಇದನ್ನು ಓದಿದಾಗ ನನಗೆ ನಮ್ಮ ಅತ್ತೆಯ ಮಂಚ ಕಣ್ಣ ಮುಂದೆ ಬಂತು. ದೇಶ ಬೇರೆ, ಮೆಟ್ಟಿಲು ಅವೇ.

ಬ್ರೊಮಿಲಿ ತಪ್ಪಿತಸ್ಥರಿಗೆ ಶಿಕ್ಷೆಯಾಗಲಿ ಎಂದು ಹೊರಡಲಿಲ್ಲ. ನಮ್ಮ ವಿಮಾನ ಇಲಾಖೆ ಕಲಿತ ಪಾಠವನ್ನು ನೀವೇಕೆ ಕಲಿತಿಲ್ಲ ಎಂದು ಕೇಳಿದರು. 1977ರಲ್ಲಿ ಟೆನೆರೀಫ್ ದ್ವೀಪದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತಿದ್ದರು. ಎದುರಿನ ವಿಮಾನ ಇನ್ನೂ ದಾರಿಯಲ್ಲಿದೆಯೇನೋ ಎಂಬ ಅನುಮಾನವನ್ನು ಫ್ಲೈಟ್ ಎಂಜಿನಿಯರು ಬಾಯಿ ಬಿಟ್ಟು ಹೇಳಿದ್ದ. ಹೆಸರಾಂತ ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳದೆ ವಿಮಾನ ಓಡಿಸಿದ್ದ. ಆಮೇಲೆ ಕಿರಿಯರು ಬಾಯಿ ಬಿಡುವುದನ್ನೂ ಹಿರಿಯರು ಕಿವಿ ತೆರೆಯುವುದನ್ನೂ ಪೈಲಟ್ಟುಗಳಿಗೆ ತರಬೇತಿಯಾಗಿಯೇ ಕಲಿಸುವ ಪದ್ಧತಿ ಬೆಳೆಯಿತು. ಬ್ರೊಮಿಲಿ 2007ರಲ್ಲಿ ಆಸ್ಪತ್ರೆಗಳಿಗಾಗಿ ಇದೇ ಕೆಲಸಕ್ಕೆ ಒಂದು ಸಂಸ್ಥೆ ಕಟ್ಟಿದರು.

ಕೈಗುಣದ ಭಕ್ತರು ಇಲ್ಲಿ ಒಂದು ಮಾತು ಎತ್ತುತ್ತಾರೆ: "ಅದೆಲ್ಲಾ ಸರಿ ಟೀಚರ್, ಕೊನೆಗೆ ಕತ್ತಿ ಹಿಡಿಯೋರು ಒಬ್ಬರೇ ಅಲ್ವಾ?" ಇದಕ್ಕೆ ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ವಿದ್ವಾಂಸೆ ತಮ್ಮ ಸಂಗಡಿಗರೊಡನೆ ಮಾಡಿದ ಅಧ್ಯಯನದಲ್ಲಿ ಉತ್ತರವಿದೆ. ಎದೆಯನ್ನು ಪೂರ್ತಿ ಸೀಳದೆ ಸಣ್ಣ ಗಾಯದ ಮೂಲಕ ಹೃದಯದ ಶಸ್ತ್ರಚಿಕಿತ್ಸೆ ಮಾಡುವ ಹೊಸ ವಿಧಾನ ಬಂದಾಗ ಅದನ್ನು 16 ಆಸ್ಪತ್ರೆಗಳು ಹೇಗೆ ಕಲಿತವು ಎಂದು ಅವರು ನೋಡಿದರು. ಫಲಿತಾಂಶ ಪ್ರಕಟವಾದದ್ದು 2001ರಲ್ಲಿ. ದೊಡ್ಡ ಹೆಸರಿನ ಆಸ್ಪತ್ರೆ, ಹಿರಿಯ ಸರ್ಜನ್ ಇದ್ದಲ್ಲಿ ಹೊಸದು ಬೇಗ ಕೈಗೂಡಿತು ಎನ್ನುವ ಹಾಗಿರಲಿಲ್ಲ. ತಂಡವನ್ನು ಯೋಚಿಸಿ ಆರಿಸಿದಲ್ಲಿ, ಮೊದಲ ಕೆಲವು ಆಪರೇಷನ್‌ಗಳಿಗೆ ಜನ ಬದಲಿಸದೆ ಒಟ್ಟಿಗೆ ಇಟ್ಟುಕೊಂಡಲ್ಲಿ, ಅಭ್ಯಾಸ ಮಾಡಿಸಿದಲ್ಲಿ, 'ನನ್ನಿಂದ ತಪ್ಪಾದರೆ ಹೇಳಿ' ಎಂದು ಸರ್ಜನ್ ತಾವೇ ಕೇಳಿಕೊಂಡಲ್ಲಿ ಅದು ನೆಲೆಯೂರಿತು. ಇದೇ ಎಡ್ಮಂಡ್‌ಸನ್ ಅದಕ್ಕೂ ಮೊದಲು ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿ ಬೆರಗಾಗಿದ್ದರು. ಒಳ್ಳೆಯ ತಂಡಗಳಿದ್ದ ಕಡೆಯೇ ತಪ್ಪುಗಳ ಲೆಕ್ಕ ಹೆಚ್ಚು! ಆಮೇಲೆ ತಿಳಿದದ್ದು, ಅಲ್ಲಿ ತಪ್ಪನ್ನು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚುತ್ತಿದ್ದರು. 'ನಮ್ಮಲ್ಲಿ ಇದುವರೆಗೆ ಒಂದೂ ತಪ್ಪಾಗಿಲ್ಲ' ಎನ್ನುವ ಆಸ್ಪತ್ರೆಯನ್ನು ಕಂಡರೆ ನನಗೆ ಈಗ ಭಯ.

2007-08ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ನಿಗೆ ಮುಂಚೆ, ನಡುವೆ, ಕೊನೆಗೆ ಓದಬೇಕಾದ 19 ಅಂಶಗಳ ಒಂದು ಪಟ್ಟಿಯನ್ನು ಪರೀಕ್ಷೆಗೆ ಹಚ್ಚಿತು. ಅದರ ಮುಂದಾಳು ಅತುಲ್ ಗವಾಂಡೆ ಎಂಬ ಸರ್ಜನ್. ಎಂಟು ನಗರಗಳ ಎಂಟು ಆಸ್ಪತ್ರೆಗಳು, ಅವುಗಳಲ್ಲಿ ಒಂದು ನವದೆಹಲಿಯದು. ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು, ತೊಡಕುಗಳು 11ರಿಂದ 7ಕ್ಕೆ. ಪಟ್ಟಿಯಲ್ಲಿ ಅಂಥ ಬ್ರಹ್ಮವಿದ್ಯೆ ಏನಿತ್ತು? ರೋಗಿ ಯಾರು, ಯಾವ ಕಡೆಯ ಅಂಗ, ಎಣಿಸಿದ ಹತ್ತಿಬಟ್ಟೆ ಸರಿಯಿದೆಯೇ ಎಂಬಂಥವು. ಒಂದು ಅಂಶ ಮಾತ್ರ ನನಗೆ ಬಹಳ ಹಿಡಿಸಿತು: ಕತ್ತಿ ಇಡುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. ಒಮ್ಮೆ ಬಾಯಿ ಬಿಟ್ಟು ಹೆಸರು ಹೇಳಿದವಳು ಆಮೇಲೆ 'ಸಾರ್, ಸ್ವಲ್ಪ ತಡೀರಿ' ಎನ್ನಲು ಅಷ್ಟು ಹೆದರುವುದಿಲ್ಲ. ಶಾಲೆಯಲ್ಲಿ ಹಾಜರಿ ಕೂಗುವ ನನಗೆ ಇದರ ಗುಟ್ಟು ಗೊತ್ತು.

ಆದರೆ ಕಾಗದವೊಂದೇ ಸಾಕೆ? ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಈ ಪಟ್ಟಿಯನ್ನು ಮೇಲಿನಿಂದ ಆಜ್ಞೆ ಹೊರಡಿಸಿ ಜಾರಿಗೆ ತಂದರು. 101 ಆಸ್ಪತ್ರೆಗಳ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದಾಗ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಇನ್‌ಸ್ಪೆಕ್ಟರು ಬರುವ ಹಿಂದಿನ ರಾತ್ರಿ ಕುಳಿತು ವರ್ಷದ ಪಾಠ ಟಿಪ್ಪಣಿಯನ್ನೆಲ್ಲ ತುಂಬಿಸಿದ ಮೇಷ್ಟರುಗಳನ್ನು ನಾನು ನೋಡಿಲ್ಲವೆ? ಪಟ್ಟಿಗೆ ಟಿಕ್ ಹಾಕುವುದು ಸುಲಭ, ಕಿರಿಯರ ಮಾತಿಗೆ ಕಿವಿಗೊಡುವುದು ಕಷ್ಟ. ನಮ್ಮ ಆಸ್ಪತ್ರೆಗಳು ಈಗ ಗೋಡೆಗೆ ಪ್ರಮಾಣಪತ್ರ ತೂಗುಹಾಕುತ್ತವೆ, ಬಾಗಿಲಲ್ಲಿ 'ನಮ್ಮ ತಂಡ' ಎಂದು ಬಣ್ಣದ ಫ್ಲೆಕ್ಸ್ ಕಟ್ಟುತ್ತವೆ. ಹೋಗಿ ನೋಡಿ. ಅದರಲ್ಲಿ ಇರುವುದೆಲ್ಲ ಡಾಕ್ಟರುಗಳ ಫೋಟೋ. ಒಬ್ಬ ಸಿಸ್ಟರಿನ ಮುಖ ಕಂಡರೆ ನನಗೆ ಹೇಳಿ.

ಹೊಸದೊಂದು ಕಾಯಿಲೆ ಬಂದಾಗ ಈ ಮಾತಿನ ನಿಜ ಬಯಲಾಗುತ್ತದೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಒಂದೇ ಮನೆಯವರು ಒಬ್ಬರಾದ ಮೇಲೊಬ್ಬರು ಜ್ವರದಿಂದ ಬಿದ್ದರು. ಮೊದಲನೆಯವನು ತೀರಿಕೊಂಡಾಗ ಯಾರಿಗೂ ಕಾರಣ ಗೊತ್ತಾಗಲಿಲ್ಲ. ಎರಡನೆಯವನು ಸೇರಿದಾಗ ಖಾಸಗಿ ಆಸ್ಪತ್ರೆಯೊಂದರ ಡಾಕ್ಟರುಗಳು ಒಟ್ಟಿಗೆ ಕುಳಿತು ಮನೆಯ ಹಿಂದಿನ ಸಾವನ್ನೂ ಈಗಿನ ಲಕ್ಷಣಗಳನ್ನೂ ಜೋಡಿಸಿ ನೋಡಿದರು, ಮಾದರಿಯನ್ನು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ನಿಪಾ ಎಂದು ಗೊತ್ತಾಯಿತು. ಸರ್ಕಾರದ ಲೆಕ್ಕದಲ್ಲಿ 17 ಜನ ಸತ್ತರು. ಅವರಲ್ಲಿ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಒಬ್ಬಳು, ರೋಗಿಯ ಸೇವೆಯಲ್ಲಿಯೇ ಅಂಟಿದ ಸೋಂಕು. ಆದರೆ ಮರುವರ್ಷ ಎರ್ನಾಕುಲಂನಲ್ಲಿ ಒಬ್ಬ ವಿದ್ಯಾರ್ಥಿಗೆ ಅದೇ ನಿಪಾ ಬಂದಾಗ ಅವನೂ ಬದುಕಿದ, ಸೋಂಕು ಇನ್ನೊಬ್ಬರಿಗೆ ಹರಡಲೂ ಇಲ್ಲ. ನಡುವೆ ನಿಪಾಕ್ಕೆ ಹೊಸ ಔಷಧಿಯೇನೂ ಬಂದಿರಲಿಲ್ಲ. ಯಾರು ಯಾರಿಗೆ ಯಾವಾಗ ಹೇಳಬೇಕು ಎಂಬುದನ್ನು ಒಂದು ರಾಜ್ಯದ ಆಸ್ಪತ್ರೆಗಳು ಕಲಿತಿದ್ದವು.

ಇನ್ನು ನಮ್ಮ ರಾಜ್ಯದ ಗಾಯ. 2021ರ ಮೇ ಮೊದಲ ವಾರ, ಕೋವಿಡ್ಡಿನ ಎರಡನೆಯ ಅಲೆ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಜನ ತೀರಿಕೊಂಡರು. ಆಮ್ಲಜನಕದ ಸಿಲಿಂಡರು ಯಾರು ಕೇಳಬೇಕಿತ್ತು, ಯಾರು ಕಳಿಸಬೇಕಿತ್ತು ಎಂದು ಎರಡು ಜಿಲ್ಲೆಗಳ ಆಡಳಿತಗಳು ಪರಸ್ಪರ ಬೆರಳು ತೋರಿಸಿದವು. ಆ ರಾತ್ರಿ ಅಲ್ಲಿ ಕೊರತೆಯಾದದ್ದು ಯಾರ ಕೈಗುಣ?

ಈಗ ಎದುರುವಾದ. ನಾನು ಈ ವಿಷಯವನ್ನು ಸ್ಟಾಫ್ ರೂಮಿನಲ್ಲಿ ಎತ್ತಿದಾಗ ನಮ್ಮ ಹೆಡ್‌ಮಾಸ್ಟರು, "ಎಲ್ಲರೂ ಮಾತಾಡ್ತಾ ಕೂತರೆ ರೋಗಿ ಸಾಯ್ತಾನೆ ಮೇಡಂ. ತೀರ್ಮಾನ ಒಬ್ಬರದೇ ಇರಬೇಕು" ಎಂದರು. ಒಪ್ಪಿದೆ. ತೀರ್ಮಾನ ಒಬ್ಬರದೇ ಇರಲಿ, ಜವಾಬ್ದಾರಿಯೂ ಅವರದೇ ಇರಲಿ. ಮಾಹಿತಿಯೂ ಒಬ್ಬರದೇ ಇರಬೇಕೆಂದು ಯಾರು ಹೇಳಿದರು? ಆಯಾ ಬಂದು ಆಪರೇಷನ್ ಮಾಡಲಿ ಎಂದು ನಾನು ಹೇಳುತ್ತಿಲ್ಲ. ಅವಳು ಕಂಡದ್ದನ್ನು ಅವಮಾನವಿಲ್ಲದೆ ಹೇಳುವಂತಾಗಲಿ ಎನ್ನುತ್ತಿದ್ದೇನೆ. ಅತ್ತೆಯ ಮಂಚದ ಬಳಿ ಆ ಮಾತು ಕೇಳಿಸಿಕೊಳ್ಳುವುದಕ್ಕೆ ಬೇಕಾಗಿದ್ದದ್ದು ಅರ್ಧ ನಿಮಿಷ. ಗದರುವುದಕ್ಕೆ ಹಿಡಿದದ್ದೂ ಹೆಚ್ಚುಕಡಿಮೆ ಅಷ್ಟೇ.

ಇನ್ನೊಂದು ಕಟುವಾದ ಮಾತು. ತಂಡವೆಂದರೆ ನಿಲ್ಲುವ ಜನ ಬೇಕು. ಮೂರು ತಿಂಗಳಿಗೊಬ್ಬ ಸಿಸ್ಟರು ಬದಲಾಗುವ ನರ್ಸಿಂಗ್ ಹೋಮಿನಲ್ಲಿ ಯಾವ ತಂಡ ಕಟ್ಟುತ್ತೀರಿ? ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ಅದೇ ವರ್ಷ ನನ್ನ ಆ ಹಳೆಯ ವಿದ್ಯಾರ್ಥಿನಿಗೆ ಸಿಗುತ್ತಿದ್ದದ್ದು ಒಂಬತ್ತು ಸಾವಿರ. ಹೊಸ ಸ್ಕ್ಯಾನಿಂಗ್ ಯಂತ್ರ ಬಂದರೆ ಮಾವಿನ ತೋರಣ ಕಟ್ಟಿ ಪೂಜೆ ಮಾಡುವ ಮಾಲೀಕರು, ರಾತ್ರಿಯಿಡೀ ಎಚ್ಚರವಿರುವ ಎರಡು ಕಣ್ಣಿಗೆ ಸಂಬಳ ಕೊಡಲು ಹಿಂದೆಮುಂದೆ ನೋಡುತ್ತಾರೆ.

ಡಾಕ್ಟರುಗಳನ್ನೂ ಮಾಲೀಕರನ್ನೂ ಬೈದು ಕೈ ತೊಳೆದುಕೊಂಡರೆ ನಾನು ಮೇಷ್ಟ್ರಿ ಅಲ್ಲ. ನಮ್ಮ ಪಾಲನ್ನೂ ಹೇಳಬೇಕು. ವಾರ್ಡಿನಲ್ಲಿ ನಾವು ಹೆಂಗಸರು ಹೇಗೆ ನಡೆದುಕೊಳ್ಳುತ್ತೇವೆ? ದೊಡ್ಡ ಡಾಕ್ಟರು ಬಂದರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತೇವೆ, ಕೇಳಬೇಕೆಂದಿದ್ದ ನಾಲ್ಕು ಪ್ರಶ್ನೆಗಳನ್ನು ನುಂಗುತ್ತೇವೆ. ಅವರು ಹೋದ ಮೇಲೆ ಸಿಸ್ಟರಿನ ಮೇಲೆ ಕೂಗುತ್ತೇವೆ. ಆಯಾಳನ್ನು 'ಏಯ್' ಎಂದು ಕರೆಯುತ್ತೇವೆ. ಡ್ಯೂಟಿ ಡಾಕ್ಟರು ಬಂದರೆ "ಇವನೇನು ನೋಡ್ತಾನೆ, ದೊಡ್ಡವರನ್ನ ಕರೀರಿ" ಎನ್ನುತ್ತೇವೆ. ಮೆಟ್ಟಿಲುಗಳನ್ನು ಕಟ್ಟಿದವರಲ್ಲಿ ನಾವೂ ಇದ್ದೇವೆ. ಹೀಗಿರುವಾಗ ಅಲ್ಲಿಯವರು ತಮ್ಮತಮ್ಮಲ್ಲಿ ಗೌರವ ಕೊಟ್ಟುಕೊಳ್ಳಲಿ ಎಂದು ಯಾವ ಬಾಯಲ್ಲಿ ಕೇಳುವುದು?

ನನ್ನ ಪಾಲು ಇನ್ನೂ ಸ್ವಲ್ಪ ಹೆಚ್ಚು. ಅತ್ತೆಯ ಹದಿಮೂರನೆಯ ದಿನ ಕಳೆದ ಮೇಲೆ ಒಮ್ಮೆ ಆ ಹುಡುಗಿ ಸಂತೆಯಲ್ಲಿ ಸಿಕ್ಕಳು. "ಇನ್ನೊಂದು ಸಲ ಗಟ್ಟಿಯಾಗಿ ಹೇಳಬಾರದಿತ್ತೇನೇ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡೋರು ಸುಮ್ಮನಿರು ಅಂದ ಮೇಲೆ ಮಾತಾಡೋದು ಹೇಗೆ ಟೀಚರ್? ಅಭ್ಯಾಸಾನೇ ಇಲ್ವಲ್ಲ" ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ಆ ಅಭ್ಯಾಸ ತಪ್ಪಿಸಿದವರು ಯಾರು? ನಲವತ್ತು ಹುಡುಗಿಯರ ತರಗತಿ ಸದ್ದಿಲ್ಲದೆ ಕುಳಿತಿದ್ದರೆ ಅದನ್ನು ಶಿಸ್ತು ಎಂದುಕೊಂಡು ಹೆಮ್ಮೆಪಟ್ಟವಳು ನಾನು. ಬೋರ್ಡಿನ ಮೇಲೆ ನಾನು ಇಸವಿ ತಪ್ಪು ಬರೆದಾಗ ಎದ್ದು ಹೇಳಿದ ಹುಡುಗಿಯನ್ನು "ಟೀಚರ್ ನೀನೋ ನಾನೋ?" ಎಂದು ಕೂರಿಸಿದವಳೂ ನಾನೇ. ಆ ಡಾಕ್ಟರು ಆಡಿದ ಮಾತು ನನ್ನದೇ ಮಾತು, ಶಬ್ದವೊಂದು ಬೇರೆ.

ಈಗ ನನ್ನ ತರಗತಿಯಲ್ಲಿ ಒಂದು ನಿಯಮವಿದೆ. ನನ್ನ ತಪ್ಪು ತೋರಿಸಿದವರಿಗೆ ಇಡೀ ತರಗತಿ ಚಪ್ಪಾಳೆ ತಟ್ಟಬೇಕು. ಮೊದಲು ಹೆದರುತ್ತಿದ್ದರು, ಈಗ ನಾನೇ ಹೆದರುವಷ್ಟು ತಪ್ಪು ಹಿಡಿಯುತ್ತಾರೆ. ಇವರಲ್ಲಿ ನಾಲ್ಕೈದು ಜನ ನರ್ಸಿಂಗ್ ಸೇರುತ್ತಾರೆ, ಒಬ್ಬಳೋ ಇಬ್ಬರೋ ಡಾಕ್ಟರೂ ಆದಾರು. ಇಷ್ಟರಿಂದ ಆಸ್ಪತ್ರೆಗಳು ಬದಲಾಗುತ್ತವೆ ಎಂಬ ಭ್ರಮೆ ನನಗಿಲ್ಲ. ಆದರೆ ನನ್ನ ಕೈಯಲ್ಲಿರುವುದು ಸೀಮೆಸುಣ್ಣ.

ನಿಮ್ಮ ಕೈಯಲ್ಲಿಯೂ ಸ್ವಲ್ಪ ಇದೆ. ಮುಂದಿನ ಸಲ ಯಾರಾದರೂ ಆಸ್ಪತ್ರೆಯ ಹೆಸರು ಹೇಳಿ ಕೈಗುಣ ಹೊಗಳಿದರೆ ಎರಡು ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ಏನಾದರೂ ಹೆಚ್ಚುಕಡಿಮೆಯಾದರೆ ಅಲ್ಲಿ ಡಾಕ್ಟರನ್ನು ಎಬ್ಬಿಸುವ ಧೈರ್ಯ ಯಾರಿಗಿದೆ? ಸಿಸ್ಟರುಗಳು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಮತ್ತೆ, ವಾರ್ಡಿನಲ್ಲಿ ಬ್ಯಾಗನ್ನು ದೀಪಕ್ಕೆ ಹಿಡಿದು ನೋಡುವ ಆ ಆಯಾಳ ಹೆಸರೇನು ಎಂದೂ ಕೇಳಿ ತಿಳಿದುಕೊಳ್ಳಿ. ನಾನು ಮೂರು ರಾತ್ರಿ ಅಲ್ಲಿದ್ದೆ, ಅವಳ ಹೆಸರು ಕೇಳಲಿಲ್ಲ.